ಕ್ಯಾಪ್ಟನ್ ಕೋಟಿನ ಗುಂಡಿಗಳು

ಚಳಿ ಹೊರಟುಹೋಗಿತ್ತು, ಬಿಸಿಲು ಇನ್ನೂ ಬಲಿತಿರಲಿಲ್ಲ. ಅಂಥ ಒಂದು ಗುರುವಾರ ಬೆಳಿಗ್ಗೆ ಎಂಟೂವರೆಗೆ, ದರ್ಜಿ ಅಂಗಡಿಯ ಷಟರು ಅರ್ಧಕ್ಕೆ ಮೇಲೇರಿದ್ದ ಹೊತ್ತಿನಲ್ಲಿ, ಒಂದು ಗುಂಡಿಯಿಂದ ಎಲ್ಲ ಶುರುವಾಯಿತು.

ಗುಂಡಿ ಹೊಲಿದವರು ಕಟಿಂಗ್ ಮಾಸ್ಟರ್. ಹೊಲಿದದ್ದು ಯಾವ ಗಿರಾಕಿಯ ಕೋಟಿಗೂ ಅಲ್ಲ, ಕ್ಯಾಪ್ಟನ್ ಕೋಟಿಗೆ. ಮೂವತ್ತು ವರ್ಷದ ಹಿಂದೆ ಟಿವಿಯಲ್ಲಿ ‘ಹದಿನೇಳನೇ ನೌಕೆ’ ಅಂತ ಒಂದು ಧಾರಾವಾಹಿ ಬರುತ್ತಿತ್ತು. ಆಕಾಶದಲ್ಲಿ ದಾರಿ ತಪ್ಪಿದ ಒಂದು ಹಡಗು, ಅದಕ್ಕೊಬ್ಬ ನೀಲಿ ಕೋಟಿನ ಕ್ಯಾಪ್ಟನ್. ನೂರ ನಾಲ್ಕು ಕಂತು ಕಳೆದರೂ ಹಡಗಿಗೆ ದಾರಿ ಸಿಗಲಿಲ್ಲ. ಟಿವಿಯಲ್ಲಿ ಒಂದೇ ಚಾನೆಲ್ ಇದ್ದ ಕಾಲ ಅದು, ನೋಡುವವರಿಗೂ ಬೇರೆ ದಾರಿ ಇರಲಿಲ್ಲ. ಆಗ ನೋಡಿದವರೆಲ್ಲ ಈಗ ತಲೆ ನರೆತು ಫೋನಿನಲ್ಲಿ ಒಂದು ಗುಂಪು ಕಟ್ಟಿಕೊಂಡಿದ್ದರು. ಹೆಸರು ‘ನೌಕೆಯ ಪ್ರಯಾಣಿಕರು’. ಒಟ್ಟು ಎಂಬತ್ತೆರಡು ಜನ.

ಬರುವ ಭಾನುವಾರ ಪಕ್ಕದೂರಿನ ಸಭಾಂಗಣದಲ್ಲಿ ಗುಂಪಿನವರೆಲ್ಲ ಮೊದಲ ಸಲ ಮುಖಾಮುಖಿ ಸೇರುವವರಿದ್ದರು. ಕ್ಯಾಪ್ಟನ್ ಕೋಟು ತೊಟ್ಟು ಒಬ್ಬರು ವೇದಿಕೆಗೆ ನಡೆದು ಬರಬೇಕು. ಹೊಲಿಯುವವರು ಯಾರು? ಮಾಸ್ಟರ್. ತೊಡುವವರು ಯಾರು? ಅದನ್ನು ಯಾರೂ ಕೇಳಿರಲಿಲ್ಲ, ಮಾಸ್ಟರ್ ಹೇಳಿಯೂ ಇರಲಿಲ್ಲ. ಆದರೆ ಕೋಟನ್ನು ಕತ್ತರಿಸಿದ್ದು ತಮ್ಮದೇ ಅಳತೆಗೆ. ಅವರ ಮೈಯೋ, ಅಳತೆ ಟೇಪಿಗೆ ಅಂಗಿ ತೊಡಿಸಿದಂತಿತ್ತು. ಆ ಕೋಟು ಇನ್ನೊಬ್ಬರ ಭುಜ ದಾಟುವುದು ಸಾಧ್ಯವಿರಲಿಲ್ಲ.

ನಲವತ್ತಾರು ವರ್ಷದಲ್ಲಿ ಅವರು ವೇದಿಕೆ ಹತ್ತಿದವರಲ್ಲ. ಅಂಗಡಿ ಭಾವನದು. ಅಕ್ಕನ ಗಂಡ ಅಂಗಡಿಯಲ್ಲಿ ಅವರನ್ನು ಕರೆಯುವುದು ‘ಲೋ’ ಅಂತ. ಗುಂಪಿನಲ್ಲಿ ಮಾತ್ರ ಅವರು ‘ಮಾಸ್ಟರ್ ಸರ್’. ಆ ‘ಸರ್’ ಒಂದಕ್ಕಾಗಿ ಅವರು ದಿನಕ್ಕೆ ಇಪ್ಪತ್ತು ಸಲ ಫೋನು ತೆಗೆಯುತ್ತಿದ್ದರು.

ಕೊನೆಯ ಗುಂಡಿಗೆ ಗಂಟು ಹಾಕಿ, ದಾರ ಹಲ್ಲಿನಲ್ಲಿ ಕಡಿದು, ಕೋಟನ್ನು ಗೊಂಬೆಗೆ ತೊಡಿಸಿ ಒಂದು ಫೋಟೋ ಹೊಡೆದರು. ಕೆಳಗೆ ಬರೆದರು: ‘ಕ್ಯಾಪ್ಟನ್ ಕೋಟು ಸಿದ್ಧ. ಮುಂದೆ ಏಳು ಗುಂಡಿ. ಅದೇ ಅಳತೆ, ಅದೇ ಅಂತರ.’

ಅರ್ಧ ನಿಮಿಷವೂ ಆಗಿರಲಿಲ್ಲ. ಫೋನು ಮಿಸುಕಿತು.

‘ಮಾಸ್ಟರ್ ಸರ್, ಗೌರವಪೂರ್ವಕವಾಗಿ ಹೇಳ್ತೀನಿ. ಕ್ಯಾಪ್ಟನ್ ಕೋಟಿಗೆ ಆರೇ ಗುಂಡಿ.’

ಬರೆದವರು ಎದುರು ಸಾಲಿನ ಔಷಧಿ ಅಂಗಡಿಯವರು. ಗುಂಪಿನಲ್ಲಿ ಅವರ ಅಡ್ಡಹೆಸರು ‘ಮಾತ್ರೆ’. ಮಾಸ್ಟರ್ ತಲೆ ಎತ್ತಿ ನೋಡಿದರೆ ರಸ್ತೆಯಾಚೆ ಕೌಂಟರಿನ ಹಿಂದೆ ಅವರು ಫೋನಿನ ಮೇಲೆ ಬಾಗಿ ನಿಂತಿದ್ದು ಕಾಣುತ್ತಿತ್ತು. ಕೂಗಿದರೆ ಕೇಳುವ ದೂರ. ಆದರೆ ಕೂಗುವಂತಿರಲಿಲ್ಲ.

ಯಾಕೆಂದರೆ ಆ ಗುಂಪಿನಲ್ಲಿ ಜಗಳಕ್ಕೂ ಒಂದು ಮರ್ಯಾದೆ ಇತ್ತು. ಎಷ್ಟೇ ಸಿಟ್ಟು ಬಂದರೂ ‘ಸರ್’, ‘ಮೇಡಂ’ ಸೇರಿಸದೆ ಬೈಯುವಂತಿಲ್ಲ. ವಾದ ಫೋನಿನಲ್ಲೇ ಆಗಬೇಕು, ಬೀದಿಗೆ ತರುವಂತಿಲ್ಲ. ಬೆಳಿಗ್ಗೆ ಎದ್ದ ವಾದ ಸಂಜೆ ಏಳಕ್ಕೆ ಮುಗಿಯಬೇಕು. ವಾದ ಎಬ್ಬಿಸಿದವನು, ಅಂದರೆ ಮೊದಲ ಮಾತು ಹಾಕಿದವನು, ಸೋತರೆ ಒಂದು ತಿಂಗಳು ಗುಂಪಿನಿಂದ ಆಚೆ. ಈ ಕೊನೆಯ ನಿಯಮ ಬರೆದವರು ಮಾಸ್ಟರೇ. ನೌಕೆಯ ಬಾಗಿಲು ಎಡಕ್ಕೆ ಸರಿಯುತ್ತದೋ ಬಲಕ್ಕೋ ಅಂತ ಯಾರೋ ಎಬ್ಬಿಸಿದ ವಾದ ಹನ್ನೊಂದು ತಿಂಗಳು ಎಳೆದಾಗ ಬೇಸತ್ತು ಬರೆದದ್ದು. ಬರೆಯುವಾಗ ಒಂದು ದಿನ ತಾವೂ ಸೋಲಬಹುದು ಅನ್ನುವ ಯೋಚನೆ ಹತ್ತಿರ ಸುಳಿದಿರಲಿಲ್ಲ.

ಗುಂಪಿನ ಯಜಮಾನರು ನಿವೃತ್ತ ರೈಲ್ವೆ ಗಾರ್ಡು. ಅವರು ತಕ್ಷಣ ಒಂದು ಹಸಿರು ಬಾವುಟದ ಚಿತ್ರ ಹಾಕಿದರು. ಕೆಳಗೆ: ‘ವಾದ ಶುರು. ಎಬ್ಬಿಸಿದವರು ಮಾಸ್ಟರ್ ಸರ್. ಸಂಜೆ ಏಳಕ್ಕೆ ಕೆಂಪು ಬಾವುಟ.’

ಮಾಸ್ಟರ್ ಬೆರಳು ಮಡಿಚಿ ಲೆಕ್ಕ ಹಾಕಿದರು. ಏಳಕ್ಕೆ ಸೋತರೆ ತಿಂಗಳು ಆಚೆ. ತಿಂಗಳು ಆಚೆ ಎಂದರೆ ಭಾನುವಾರವೂ ಆಚೆ. ಭಾನುವಾರ ಆಚೆ ಎಂದರೆ ಕೋಟು ಒಳಗೆ, ತಾವು ಹೊರಗೆ!

ಹತ್ತು ಗಂಟೆಯೊಳಗೆ ಇನ್ನೂರು ಸಂದೇಶ ಬಿದ್ದವು. ಹಳೆಯ ಕಂತುಗಳಿಂದ ಚಿತ್ರ ಕಿತ್ತು ಹಾಕಿದರು. ಒಂದರಲ್ಲಿ ಕ್ಯಾಪ್ಟನ್ ಕೈ ಕಟ್ಟಿ ನಿಂತಿದ್ದ, ಒಂದರಲ್ಲಿ ಹೊಗೆ ತುಂಬಿತ್ತು, ಇನ್ನೊಂದರಲ್ಲಿ ಕೆಳಗಿನ ಗುಂಡಿ ಬೆಲ್ಟಿನ ಹಿಂದೆ ಅಡಗಿತ್ತೋ, ಇರಲೇ ಇಲ್ಲವೋ, ದೇವರಿಗೇ ಗೊತ್ತು.

ಮಾಸ್ಟರ್ ಬರೆದರು: ‘ಕೊರಳಿಂದ ಸೊಂಟಕ್ಕೆ ಇಪ್ಪತ್ತೊಂದು ಇಂಚು. ಮೂರು ಇಂಚಿಗೊಂದು ಗುಂಡಿ. ಭಾಗ ಹಾಕಿ ನೋಡಿ ಸರ್. ಮೂವತ್ತು ವರ್ಷ ಕತ್ತರಿ ಹಿಡಿದ ಕೈ ಇದು.’

ಮಾತ್ರೆಯವರು ಬರೆದರು: ‘ದಿನಕ್ಕೆ ಸಾವಿರ ಮಾತ್ರೆ ಎಣಿಸೋ ಕಣ್ಣು ಸರ್ ಇದು. ಒಂದು ಹೆಚ್ಚು ಕಮ್ಮಿ ಆದ್ರೆ ಜನ ಎದ್ದು ಬರ್ತಾರೆ, ಇಲ್ಲ ಏಳೋದೇ ಇಲ್ಲ. ಆರು ಅಂದ್ರೆ ಆರು.’

ಹನ್ನೊಂದಕ್ಕೆ ಮಾತ್ರೆಯವರು ರಸ್ತೆ ದಾಟಿ ಅಂಗಡಿಯ ಮೆಟ್ಟಿಲಿಗೆ ಬಂದರು.

“ಮಾಸ್ಟ್ರೇ, ಒಂದು ಕತ್ತರಿ ಕೊಡ್ತೀರಾ? ಡಬ್ಬ ಬಿಚ್ಚಬೇಕಿತ್ತು.”

“ತಗೊಳ್ಳಿ ಅಣ್ಣ. ಮನೇಲೆಲ್ಲ ಚೆನ್ನಾಗಿದ್ದಾರಾ?”

“ಎಲ್ಲ ಚೆನ್ನಾಗಿದ್ದಾರೆ. ಬಿಸಿಲು ಜಾಸ್ತಿ ಆಗ್ತಿದೆ ಅಲ್ವಾ?”

“ಹೂಂ ಅಣ್ಣ, ನೀರು ಕುಡೀತಿರಿ.”

ಹೊರಡುವಾಗ ಅವರ ಕಣ್ಣು ಗೊಂಬೆಯ ಮೇಲೆ ಹೋಯಿತು. ತುಟಿ ಸದ್ದಿಲ್ಲದೆ ಎಣಿಸುತ್ತಿತ್ತು. ರಸ್ತೆ ದಾಟಿದರು, ಕೌಂಟರಿನ ಹಿಂದೆ ಹೋದರು, ಫೋನು ಎತ್ತಿದರು. ಮಾಸ್ಟರ್ ಕೈಯಲ್ಲಿ ಫೋನು ಮಿಸುಕಿತು:

‘ಈಗಷ್ಟೇ ಕಣ್ಣಾರೆ ನೋಡಿ ಬಂದೆ. ಅದು ಕ್ಯಾಪ್ಟನ್ ಕೋಟಲ್ಲ, ಬ್ಯಾಂಡ್ ಬಾರಿಸೋರ ಕೋಟು. ಗೌರವದೊಂದಿಗೆ.’

“ನನ್ನ ಕತ್ತರಿ ಹಿಡ್ಕೊಂಡೇ ಬರೀತಿದ್ದಾನಲ್ಲ!” ಅಂತ ಮಾಸ್ಟರ್ ಹಲ್ಲು ಕಡಿದರು.

“ಯಾರೋ ಅದು?” ಒಳಗಿನಿಂದ ಭಾವ ಕೂಗಿದರು. “ಲೋ, ಹೆಡ್ಮಾಸ್ಟರ್ ಪ್ಯಾಂಟ್ ಏನಾಯ್ತು? ಇವತ್ತು ಅವರ ನಿವೃತ್ತಿ ಸಮಾರಂಭ. ನಾಲ್ಕು ಗಂಟೆಗೆ ಬರ್ತಾರೆ.”

“ಆಗ್ತಿದೆ ಭಾವ.”

“ಬೆಳಿಗ್ಗೆಯಿಂದ ಆಗ್ತಾನೇ ಇದೆ. ಅದು ಪ್ಯಾಂಟೋ, ಪಾಯ ತೆಗೆದು ಕಟ್ತಿರೋ ಮನೆಯೋ?”

ಮಾಸ್ಟರ್ ಮಿಷನ್ ತುಳಿದರು. ಎಡಗೈಯಲ್ಲಿ ಬಟ್ಟೆ, ಬಲಗೈಯಲ್ಲಿ ಫೋನು. ಭಾವ ಇನ್ನೆರಡು ಸಲ ಕೂಗಿದರು, ಉತ್ತರ ಬರಲಿಲ್ಲ. ಮೂರನೆಯ ಸಲ ಬಂದು ಭುಜ ಅಲ್ಲಾಡಿಸಿದರು. “ಹೂಂ ಸರ್,” ಅಂದರು ಮಾಸ್ಟರ್, ತಲೆ ಎತ್ತದೆ.

ಭಾವನಿಗೆ ನೆತ್ತಿಗೇರಿತು. “ಇಲ್ಲಿ ಬೈದ್ರೆ ನಿನಗೆ ಕೇಳ್ಸಲ್ಲ ಅಲ್ವಾ? ಇರು, ಅಲ್ಲೇ ಬಂದು ಬೈತೀನಿ!”

ಅಕ್ಕ ಆ ಗುಂಪಿನಲ್ಲಿ ಮೊದಲಿನಿಂದಲೂ ಇದ್ದರು, ಬಾಯಿ ಮಾತ್ರ ಬಿಡುತ್ತಿರಲಿಲ್ಲ. ಭಾವ ಅವರಿಂದ ದಾರಿ ಕೇಳಿಕೊಂಡು ಹನ್ನೆರಡೂವರೆಗೆ ಗುಂಪಿನ ಒಳಗೆ ಕಾಲಿಟ್ಟರು. ಮೊದಲ ಮಾತು ದೊಡ್ಡ ಅಕ್ಷರದಲ್ಲಿ ಬಿತ್ತು: ‘ಪ್ಯಾಂಟ್ ಎಲ್ಲಿ?’

ಕೂಡಲೇ ಯಾರೋ ಬರೆದರು: ‘ಒಳ್ಳೇ ಪ್ರಶ್ನೆ ಸರ್! ನಾವೆಲ್ಲ ಕೋಟನ್ನೇ ನೋಡ್ತಿದ್ವಿ. ಕ್ಯಾಪ್ಟನ್ ಪ್ಯಾಂಟಿನ ಬಗ್ಗೆ ಯಾರೂ ಯೋಚಿಸಲೇ ಇಲ್ಲ.’

‘ಅದಕ್ಕೆ ಜೇಬಿತ್ತಾ?’

‘ಇತ್ತು. ಮೂವತ್ತನೇ ಕಂತಲ್ಲಿ ಕೈ ಒಳಗೆ ಹಾಕ್ತಾನೆ.’

‘ಅದು ಜೇಬಲ್ಲ ಮೇಡಂ, ಸೊಂಟದ ಮೇಲೆ ಕೈ.’

ಭಾವ ಕಣ್ಣು ಕಿರಿದು ಮಾಡಿ ಆ ಚಿತ್ರ ನೋಡಿದರು. ನಲವತ್ತು ವರ್ಷ ಪ್ಯಾಂಟ್ ಹೊಲಿದ ಮನುಷ್ಯ. ಬೈಯಲು ಬಂದವರು ಬೈಯುವುದನ್ನು ಮರೆತು ಬರೆದರು: ‘ಪಕ್ಕದ ಹೊಲಿಗೆ ನೋಡ್ರಿ, ನೇರ ಇದೆ. ಜೇಬಿದ್ರೆ ಬಾಯಿ ಬಿಡ್ತಿತ್ತು. ಜೇಬಿಲ್ಲ.’ ಇಪ್ಪತ್ಮೂರು ಜನ ಹೆಬ್ಬೆರಳು ಎತ್ತಿದರು. ‘ವಾಹ್ ಭಾವ ಸರ್!’ ಅಂತ ಒಬ್ಬರು. ಆ ‘ಸರ್’ ಭಾವನ ಕಿವಿಯಲ್ಲಿ ಗಂಟೆ ಬಾರಿಸಿದಂತಾಯಿತು. ಊಟಕ್ಕೆ ಮನೆಗೆ ಹೋಗುವುದನ್ನೂ ಬಿಟ್ಟು ಇಸ್ತ್ರಿ ಮೇಜಿನ ಮೇಲೆ ಕಾಲು ಇಳಿಬಿಟ್ಟು ಕುಳಿತರು.

ಹೀಗೆ ಅಂಗಡಿಯಲ್ಲಿ ಇದ್ದ ಇಬ್ಬರೂ ಹೋದರು. ಮೈ ಮಾತ್ರ ಉಳಿಯಿತು.

ನಾಲ್ಕಕ್ಕೆ ಸರಿಯಾಗಿ ಹೆಡ್ಮಾಸ್ಟರ್ ಬಂದರು. ಹಳೆಯ ಕಾಲದವರು, ಪ್ಯಾಂಟಿಗೆ ಜಿಪ್ ಅಂದರೆ ನಂಬಿಕೆ ಇಲ್ಲ, ಮುಂದೆ ಗುಂಡಿಯೇ ಬೇಕು. ಪರದೆಯ ಹಿಂದೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ. ಆಮೇಲೆ ಒಳಗಿನಿಂದಲೇ ದನಿ ಬಂತು.

“ಮಾಸ್ಟ್ರೇ.”

“ಸರ್?”

“ಈ ಪ್ಯಾಂಟಿಗೆ ಮುಂದೆ ಎಷ್ಟು ಗುಂಡಿ ಇರಬೇಕು?”

“ನಾಲ್ಕು ಸರ್.”

“ಇಲ್ಲಿ ಏಳಿದೆ.”

ಫೋನಿನಲ್ಲಿ ‘ಏಳು ಏಳು’ ಅಂತ ಬರೆಯುತ್ತ ಮಾಸ್ಟರ್ ಕೈ ಪ್ಯಾಂಟಿಗೂ ಏಳು ಕಾಜಾ ಕೊರೆದು, ಇರುವೆ ಸಾಲಿನಂತೆ ಏಳು ಗುಂಡಿ ಕೂರಿಸಿತ್ತು.

ಹೆಡ್ಮಾಸ್ಟರ್ ಪರದೆ ಸರಿಸಿ ಬಂದರು. “ಅಲ್ಲಪ್ಪ, ನನಗೆ ಅರವತ್ತಾಯ್ತು. ಸಕ್ಕರೆ ಕಾಯಿಲೆ ಬೇರೆ. ಇದನ್ನ ಬಿಚ್ಚೋದಕ್ಕೆ ನಾನು ಭಾಷಣದ ಮಧ್ಯೆ ಅರ್ಧ ಗಂಟೆ ಮುಂಚೆನೇ ಎದ್ದು ಹೋಗಬೇಕಲ್ಲ!”

“ಕ್ಷಮಿಸಿ ಸರ್, ಐದೇ ನಿಮಿಷ...”

“ಬೇಡ, ಟೈಮಿಲ್ಲ. ಹೀಗೇ ಹೋಗ್ತೀನಿ. ಇವತ್ತು ನೀರು ಕುಡಿಯಲ್ಲ, ಅಷ್ಟೆ.” ಮೆಟ್ಟಿಲಿಳಿಯುತ್ತ ತಿರುಗಿ ಗೊಂಬೆಯನ್ನು ನೋಡಿದರು. “ಅದು ಆ ಆಕಾಶದ ಹಡಗಿನವನ ಕೋಟಲ್ವಾ? ಅದಕ್ಕೆ ಐದು ಗುಂಡಿ ಕಣ್ರೀ.”

ಭಾವ ಆಗ ತಲೆ ಎತ್ತಿದರು. ಬೈಗುಳ ಬರುತ್ತದೆ ಅಂತ ಮಾಸ್ಟರ್ ಕಣ್ಣು ಮುಚ್ಚಿದರು. “ನೋಡಿದ್ಯಾ?” ಅಂದರು ಭಾವ, “ಪ್ಯಾಂಟಿನ ಜೇಬಿನ ಬಗ್ಗೆ ಹೆಡ್ಮಾಸ್ಟರ್ ಏನೂ ಹೇಳ್ಲಿಲ್ಲ. ಅಂದ್ರೆ ನಾನು ಹೇಳಿದ್ದೇ ಸರಿ.”

ಐದೂವರೆ ಆಗುವಷ್ಟರಲ್ಲಿ ಗುಂಪು ಸರಿಯಾಗಿ ಎರಡು ಹೋಳಾಗಿತ್ತು. ಮಾಸ್ಟರ್ ಬೆವರುತ್ತ ಕೂತಿದ್ದರು. ಆಗ ಒಬ್ಬರು ಅಮ್ಮ ಮೆಟ್ಟಿಲು ಹತ್ತಿ ಬಂದರು. ಎಪ್ಪತ್ತೈದರ ಮೇಲಿನ ವಯಸ್ಸು, ಕಡ್ಡಿಯಂಥ ಮೈ, ಬಗಲಲ್ಲಿ ಬಾಯಿ ತೆರೆದ ಒಂದು ಚೀಲ.

“ಮಗಾ, ಈ ಚೀಲದ ಜಿಪ್ ಹೋಗಿದೆ. ಒಂದು ಹೊಸದು ಹಾಕ್ಕೊಡು. ನಾನು ಕೂತಿರ್ತೀನಿ.”

“ಅಮ್ಮ, ಇವತ್ತು ಸ್ವಲ್ಪ...”

ಅಮ್ಮನಿಗೆ ಅವರ ಮಾತು ಕೇಳಿಸಲಿಲ್ಲ. ಗೊಂಬೆಯ ಕಡೆ ನೋಡಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು. “ಅಯ್ಯೋ, ಇದು ಆ ಹಡಗಿನವನ ಕೋಟಲ್ವಾ? ಎಷ್ಟು ವರ್ಷ ಆಯ್ತೋ ನೋಡು!”

“ನೀವೂ ನೋಡ್ತಿದ್ರಾ ಅಮ್ಮ?”

“ನೋಡೋದೇನು, ನಾನೇ ಹೊಲಿದಿದ್ದು.”

ಮಾಸ್ಟರ್ ಕೈಯಿಂದ ಟೇಪು ಜಾರಿತು. ಭಾವ ಮೇಜಿನಿಂದ ಇಳಿದರು. ಅಮ್ಮ ಆಗ ಧಾರಾವಾಹಿಯ ಉಡುಪಿನ ಕೋಣೆಯಲ್ಲಿ ಕೆಲಸಕ್ಕಿದ್ದರಂತೆ. ಚೀಲದ ಒಳಜೇಬಿನಿಂದ ಮಾಸಿದ ಫೋಟೋ ತೆಗೆದು ತೋರಿಸಿದರು. ನೀಲಿ ಕೋಟಿನ ಕ್ಯಾಪ್ಟನ್ ಬೆನ್ನು ತೋರಿಸಿ ನಿಂತಿದ್ದ, ಬಾಯಲ್ಲಿ ಪಿನ್ನು ಕಚ್ಚಿಕೊಂಡು ಈ ಅಮ್ಮನೇ ಅವನ ಹಿಂದೆ!

ಮಾಸ್ಟರ್ ಕುಣಿದೇಬಿಟ್ಟರು. ಅಮ್ಮನನ್ನು ಏನೂ ಕೇಳದೆ, ಮೊದಲು ಫೋನು ಹಿಡಿದು ಬರೆದರು: ‘ಸ್ವತಃ ಕೋಟು ಹೊಲಿದವರು ನಮ್ಮ ಅಂಗಡಿಯಲ್ಲಿ ಕೂತಿದ್ದಾರೆ! ಅವರ ಮಾತೇ ಕೊನೆ ಮಾತು. ಒಪ್ತೀರಾ ಮಾತ್ರೆ ಸರ್?’ ಜೊತೆಗೆ ಆ ಫೋಟೋ.

ರಸ್ತೆಯಾಚೆ ಮಾತ್ರೆಯವರು ಎದ್ದು ನಿಂತದ್ದು ಕಾಣಿಸಿತು. ‘ಒಪ್ಪಿದೆ ಸರ್.’ ಉಳಿದವರೆಲ್ಲ ಒಬ್ಬರ ಹಿಂದೊಬ್ಬರು ‘ಒಪ್ಪಿದೆ’ ಅಂದರು. ಅಮ್ಮನ ಫೋನನ್ನೂ ಗುಂಪಿಗೆ ಸೇರಿಸಿ, ಮೈಕಿನಂತೆ ಅವರ ಬಾಯಿಗೆ ಹಿಡಿದು ಮಾಸ್ಟರ್ ಹೇಳಿದರು, “ಈಗ ಹೇಳಿ ಅಮ್ಮ, ಜೋರಾಗಿ. ಮುಂದೆ ಎಷ್ಟು ಗುಂಡಿ?”

“ಗುಂಡಿನಾ? ಗುಂಡಿ ಎಲ್ಲಿತ್ತು ಮಗಾ? ಅದು ಹಿಂದೆ ಕೊಕ್ಕೆ ಹಾಕೋ ಕೋಟು. ಅವನಿಗೆ ಗುಂಡಿ ಹಾಕ್ಕೊಳ್ಳೋಕೆ ಬರ್ತಾ ಇರ್ಲಿಲ್ಲ, ಕೈ ನಡುಗೋದು. ಮುಂದೆ ಬರೀ ಸೀಸೆ ಮುಚ್ಚಳ ಅಂಟಿಸ್ತಿದ್ದೆ. ದೀಪದ ಕಾವಿಗೆ ಅಂಟು ಬಿಟ್ಟು ಉದುರೋದು. ಒಂದಿನ ಏಳು, ಒಂದಿನ ಆರು. ಮಳೆ ಬಂದ ದಿನ ನಾಲ್ಕಕ್ಕೂ ಇಳಿದಿತ್ತು.”

ಅಮ್ಮನ ಮಾತು ದನಿಯ ಸಂದೇಶವಾಗಿ ಗುಂಪಿಗೆ ಹೊರಟುಹೋಯಿತು. ಮೂವತ್ತು ವರ್ಷದ ಕ್ಯಾಪ್ಟನ್‌ಗೆ ಸೀಸೆ ಮುಚ್ಚಳ!

ಗುಂಪು ಸಿಡಿಯಿತು.

‘ಈ ಅಮ್ಮ ಧಾರಾವಾಹಿನ ಎಷ್ಟು ಸಲ ನೋಡಿದ್ದಾರೆ ಕೇಳಿ ಸರ್!’

ಮಾಸ್ಟರ್ ಓದಿ ಹೇಳಿದ್ದಕ್ಕೆ ಅಮ್ಮ ಫೋನಿಗೇ ಉತ್ತರ ಕೊಟ್ಟರು. “ಒಂದು ಸಲಾನೂ ನೋಡಿಲ್ಲಪ್ಪ. ನಮ್ಮನೇಲಿ ಟಿವಿ ಇರ್ಲಿಲ್ಲ.”

‘ನೋಡೇ ಇಲ್ಲ ಅಂದ್ಮೇಲೆ ಇವರಿಗೇನು ಗೊತ್ತು?’

‘ನಾನು ನೂರ ನಾಲ್ಕು ಕಂತು ಹದಿನಾಲ್ಕು ಸಲ ನೋಡಿದ್ದೀನಿ ಮೇಡಂ. ಕೋಟಿನ ಬಗ್ಗೆ ನನಗೆ ಹೇಳಿಕೊಡಬೇಡಿ.’

ಮಾಸ್ಟರ್ ತಲೆ ಮೇಲೆ ಕೈ ಹೊತ್ತರು. ಅಮ್ಮ ಮಾತ್ರ ಹಾಯಾಗಿದ್ದರು. “ಪಾಪ, ಅವನು ಒಳ್ಳೆಯವನು,” ಅಂತ ತಮ್ಮಷ್ಟಕ್ಕೆ ಮುಂದುವರಿಸಿದರು. ಫೋನು ಇನ್ನೂ ಕೈಯಲ್ಲೇ ಇತ್ತು, ದನಿ ಗುಂಪಿಗೆ ಹೋಗುತ್ತಲೇ ಇತ್ತು. “ಆ ದೊಡ್ಡ ಬಾಣಲೆ ತಲೆಯ ರಾಕ್ಷಸ ಬರೋ ದಿನ ಹೆದರಿ ಉಡುಪಿನ ಕೋಣೆಗೆ ಓಡಿ ಬಂದು ಸೀರೆ ಗಂಟಿನ ಹಿಂದೆ ಕೂತಿದ್ದ. ನಾನೇ ಬೆನ್ನು ತಟ್ಟಿ ಕಳಿಸಿದ್ದು.”

ಬೈಯುತ್ತಿದ್ದ ಬೆರಳುಗಳು ಪ್ರಶ್ನೆ ಬರೆಯತೊಡಗಿದವು.

‘...ಐವತ್ತೆರಡನೇ ಕಂತಾ ಅಮ್ಮ?’

‘ಅದಕ್ಕೇ ಆ ದೃಶ್ಯದಲ್ಲಿ ಕ್ಯಾಪ್ಟನ್ ಭುಜದ ಮೇಲೆ ದಾರ ಇತ್ತು! ನಾನು ಮೊದಲೇ ಹೇಳಿದ್ದೆ!’

‘ಅಮ್ಮಾ, ಇನ್ನೊಂದು ಹೇಳಿ!’

‘ಅಮ್ಮಾ, ಭಾನುವಾರ ಬರಲೇಬೇಕು! ನೀವೇ ಮುಖ್ಯ ಅತಿಥಿ!’

ಹತ್ತು ನಿಮಿಷದಲ್ಲಿ ಅಮ್ಮ ಗುಂಪಿನ ಕಣ್ಮಣಿ. ಮಾಸ್ಟರ್ ನಿಟ್ಟುಸಿರು ಬಿಟ್ಟರು. ಎಲ್ಲ ಸುಖವಾಗಿ ಮುಗಿಯಿತು, ಆರೂ ಇಲ್ಲ ಏಳೂ ಇಲ್ಲ, ಗುಂಪು ಒಂದಾಯಿತು ಅಂದುಕೊಂಡರು.

ಆರೂ ಐವತ್ತಕ್ಕೆ, ಹತ್ತು ನಿಮಿಷ ಮೊದಲೇ, ಗಾರ್ಡು ಕೆಂಪು ಬಾವುಟ ಹಾಕಿದರು. ‘ವಾದ ಮುಗಿಯಿತು. ಏಳು ಗುಂಡಿ ಎಂದು ವಾದ ಎಬ್ಬಿಸಿದವರು ಸೋತರು. ನಿಯಮದಂತೆ ಒಂದು ತಿಂಗಳು ಆಚೆ.’

“ಆರು ಅಂದವರೂ ಸೋತ್ರಲ್ಲ!” ಮಾಸ್ಟರ್ ಕೂಗಿದರು. ಬರೆದರು ಕೂಡ.

‘ಸೋತರು. ಆದರೆ ಎಬ್ಬಿಸಿದವರು ಅವರಲ್ಲ. ನಿಯಮ ತಾವೇ ಬರೆದದ್ದು ಸರ್.’

ಆಗ ಮಾತ್ರೆಯವರು ಮಧ್ಯೆ ಬಂದರು. ‘ಗಾರ್ಡ್ ಸರ್, ಭಾನುವಾರ ಹತ್ತಿರ ಇದೆ. ಇದೊಂದು ಸಲ ಮಾಫಿ ಮಾಡಿ. ಮಾಸ್ಟರ್ ಸರ್ ಇಲ್ಲದಿದ್ರೆ ನಾನು ಯಾರ ಜೊತೆ ಜಗಳ ಆಡಲಿ?’ ಓದಿ ಮಾಸ್ಟರ್ ಕಣ್ಣು ಒದ್ದೆಯಾಯಿತು. ರಸ್ತೆಯಾಚೆ ನೋಡಿ ಕೈ ಎತ್ತಿದರು. ಮಾತ್ರೆಯವರೂ ಎತ್ತಿದರು. ಕತ್ತರಿ ಇನ್ನೂ ಅವರ ಕೈಯಲ್ಲೇ ಇತ್ತು.

ಗಾರ್ಡು ಮತಕ್ಕೆ ಹಾಕಿದರು. ಮಾಸ್ಟರಿಗೆ ಮತವಿಲ್ಲ. ‘ಮಾಫಿ’, ‘ಆಚೆ’ ಅಂತ ಎರಡು ಸಾಲು. ಅಂಕಿಗಳು ಓಟಕ್ಕೆ ಬಿದ್ದವು. ಇಪ್ಪತ್ತು, ಇಪ್ಪತ್ತು. ಮೂವತ್ತೆಂಟು, ಮೂವತ್ತೇಳು. ನಲವತ್ತೊಂದು, ನಲವತ್ತು. ಟಕ್! ನಲವತ್ತೊಂದು, ನಲವತ್ತೊಂದು. ಕೊನೆಯ ಆ ‘ಆಚೆ’ ಬಂದದ್ದು ಇಸ್ತ್ರಿ ಮೇಜಿನ ಮೇಲಿನಿಂದ.

“ಭಾವಾ! ನೀವಾ?”

“ನಿಯಮ ಅಂದ್ರೆ ನಿಯಮ ಕಣೋ,” ಅಂದರು ಭಾವ, ಗಂಭೀರವಾಗಿ. “ಗುಂಪು ಅಂದ್ಮೇಲೆ ಶಿಸ್ತು ಬೇಡ್ವಾ?” ಗುಂಪಿಗೆ ಬಂದು ಅವರಿಗೆ ಆರೂವರೆ ಗಂಟೆಯಾಗಿತ್ತು.

ಉಳಿದದ್ದು ಒಂದೇ ಮತ, ಹೊಸದಾಗಿ ಸೇರಿದ ಅಮ್ಮನದು. ಮಾಸ್ಟರಿಗೆ ಹೋದ ಜೀವ ಬಂದಂತಾಯಿತು. ಅಮ್ಮನ ಪಕ್ಕ ಮಂಡಿಯೂರಿ ಕೂತರು.

“ಅಮ್ಮ, ನನ್ನ ಬಾಳು ನಿಮ್ಮ ಕೈಲಿದೆ. ಮೇಲಿನ ಸಾಲು ಒತ್ತಿದ್ರೆ ನಾನು ಇರ್ತೀನಿ. ಕೆಳಗಿನದು ಒತ್ತಿದ್ರೆ ಒಂದು ತಿಂಗಳು ಈ ಫೋನಿನ ಕಡೆ ತಲೆ ಹಾಕೋ ಹಾಗಿಲ್ಲ.”

“ಒಂದು ತಿಂಗಳು ಫೋನೇ ಮುಟ್ಟಲ್ವಾ?”

“ಮುಟ್ಟೋ ಹಾಗೇ ಇಲ್ಲ ಅಮ್ಮ.”

ಅಮ್ಮ ಕನ್ನಡಕ ಏರಿಸಿದರು. ಎರಡೂ ಸಾಲು ನಿಧಾನವಾಗಿ ಓದಿದರು. ಬೆರಳು ಎತ್ತಿ, ಯಾವ ತಪ್ಪೂ ಆಗದ ಹಾಗೆ, ಕೆಳಗಿನ ಸಾಲನ್ನು ಒತ್ತಿದರು.

“ಅಮ್ಮಾ!”

“ಮತ್ತಿನ್ನೇನು ಮಗಾ? ಬಂದು ಒಂದೂವರೆ ಗಂಟೆ ಆಯ್ತು. ಮನೆಗೆ ಹೋಗಬೇಕು. ಈಗ ಕೈ ಖಾಲಿ ಆಯ್ತಲ್ಲ, ಆ ಜಿಪ್ ಹಾಕು.”

ಅದು ಏಳು ಗಂಟೆ. ಏಳೂ ಒಂದಕ್ಕೆ ಫೋನಿನ ತೆರೆಯ ಮೇಲಿಂದ ಎಂಬತ್ತಮೂರು ಜನ ಒಟ್ಟಿಗೆ ಮಾಯವಾದರು. ಮಾಸ್ಟರ್ ಜಿಪ್ ಹಾಕಿದರು. ಬಹಳ ಚೆನ್ನಾಗಿ ಬಂತು. ಅಷ್ಟು ಏಕಾಗ್ರತೆಯಿಂದ ಅವರು ಏನನ್ನೂ ಹೊಲಿದು ವರ್ಷಗಳಾಗಿದ್ದವು.

ಶುಕ್ರವಾರ ಗುಂಪಿನವರಿಗೆ ಕೋಟಿನ ಚಿಂತೆ ಹತ್ತಿತು. ಮಾತ್ರೆಯವರು ತೊಡಲು ಹೋದರೆ ಒಂದು ತೋಳು ಮೊಣಕೈಗೇ ನಿಂತಿತು. ಭಾವನಿಗೆ ಭುಜ ದಾಟಲಿಲ್ಲ. ಕೊನೆಗೆ ಅಮ್ಮ ತೊಟ್ಟು ನೋಡಿದರೆ ಮೈಗೆ ಬರೆದಂತೆ ಕೂತಿತು. ಶನಿವಾರ ಅವರೇ ಬಂದು ಏಳೂ ಗುಂಡಿ ಕಿತ್ತರು, ಬೆನ್ನು ಬಿಚ್ಚಿ ಕೊಕ್ಕೆ ಇಟ್ಟರು, ಮುಂದಿನ ಬಾಯಿ ಹೊಲಿದು ಮುಚ್ಚಳ ಅಂಟಿಸಿದರು. ಕೊಕ್ಕೆಗೆ ಕುಣಿಕೆ ಹೊಲಿಯುವ ಕೆಲಸ ಮಾಸ್ಟರಿಗೆ ಬಂತು. “ಸಣ್ಣದಾಗಿ ಹೊಲಿ ಮಗಾ, ವೇದಿಕೆ ಮೇಲೆ ಬಿಚ್ಚಿಕೊಂಡೀತು,” ಅಂದರು ಅಮ್ಮ.

ಭಾನುವಾರ ಬೆಳಿಗ್ಗೆ ಎಂಟರ ಬಸ್ಸಿಗೆ ನೀಲಿ ಕೋಟಿನ ಅಮ್ಮ ಮೊದಲು ಹತ್ತಿದರು. ಹಿಂದೆ ಅಕ್ಕ, ಅವರ ಹಿಂದೆ ಜೇಬಿಲ್ಲದ ಹೊಸ ಪ್ಯಾಂಟು ತೊಟ್ಟ ಭಾವ. ಮಾತ್ರೆಯವರು ಕೊನೆಗೆ ಬಂದು, ತಮ್ಮ ಅಂಗಡಿಯ ಬೀಗದ ಕೈಯನ್ನು ಮಾಸ್ಟರ್ ಕೈಗಿಟ್ಟು, “ಮಧ್ಯಾಹ್ನದವರೆಗೆ ನೋಡ್ಕೊಳ್ಳಿ ಮಾಸ್ಟ್ರೇ, ಬೇಜಾರು ಮಾಡ್ಕೋಬೇಡಿ,” ಅಂತ ಬಸ್ಸು ಹತ್ತಿದರು. ಮಾಸ್ಟರ್ ಗುಂಪಿನಿಂದ ಹೋದದ್ದು ಗುರುವಾರ. ಉಳಿದವರೆಲ್ಲ ಹೋದದ್ದು ಭಾನುವಾರ.